ಮನೆಯಲ್ಲಿ ಕ್ಲಚ್ ರಿಪೇರಿ: ಬಿಚ್ಚುವ ಮೊದಲು ತಿಳಿಯಬೇಕಾದ ಸಂಗತಿಗಳು

(ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ಕೂಟದಲ್ಲಿ ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ದನಗಳ ಕಾಲುಬಾಯಿ ಜ್ವರ ಮುಂತಾದ ವಿಷಯಗಳನ್ನು ಕುರಿತು ಮಾತನಾಡುತ್ತೇವೆ. ಈ ದಿನ ಮೋಟಾರು ಸೈಕಲ್ಲಿನ ಕ್ಲಚ್ಚಿನ ವಿಷಯ ಎತ್ತಿಕೊಂಡಿದ್ದೇನೆ. ಇದು ವ್ಯವಸಾಯಕ್ಕೆ ಸಂಬಂಧಪಡದ ಮಾತೆಂದು ಯಾರೂ ಎಣಿಸಬಾರದು. ಬೆಳಗಿನ ಹಾಲು ಡೈರಿಗೆ ಹೋಗುವುದು ಮೋಟಾರು ಸೈಕಲ್ಲಿನ ಮೇಲೆ. ಗೊಬ್ಬರದ ಚೀಲ ಬರುವುದು, ಹಸಿ ಮೇವಿನ ಹೊರೆ ಬರುವುದು, ತರಕಾರಿ ಸಂತೆಗೆ ಹೋಗುವುದು ಅದರ ಮೇಲೆಯೇ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಮೊದಲು ನೆನಪಾಗುವುದೂ ಅದೇ. ಹಿಂದೆ ಎತ್ತಿನ ಕಾಲು ಉಳುಕಿದರೆ ಮನೆಯ ಕೆಲಸವೆಲ್ಲ ನಿಲ್ಲುತ್ತಿತ್ತು. ಈಗ ಕ್ಲಚ್ ಕೆಟ್ಟರೆ ಹಾಗೆಯೇ ಆಗುತ್ತದೆ.

ನಾನು ವ್ಯವಸಾಯ ಡಿಪ್ಲೊಮಾ ಓದಿದವನು, ಮೋಟಾರು ಮೇಸ್ತ್ರಿಯಲ್ಲ. ಆದರೆ ಹಳ್ಳಿಯಿಂದ ಹಳ್ಳಿಗೆ ದಿನವೂ ಗಾಡಿಯಲ್ಲೇ ತಿರುಗಬೇಕಾದವನು. ನನ್ನ ಗಾಡಿಯ ಕ್ಲಚ್ಚನ್ನು ಪಳಗಿದ ಮೇಸ್ತ್ರಿಯೊಬ್ಬರ ಪಕ್ಕದಲ್ಲಿ ಕುಳಿತು ಎರಡು ಸಾರಿ ಬಿಚ್ಚಿ ಜೋಡಿಸಿದ್ದೇನೆ. ಜಗುಲಿಯ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಭಾಗಗಳನ್ನೆಲ್ಲ ಹರಡಿಕೊಂಡು, ಮುಂದೇನೆಂದು ತೋಚದೆ ಕುಳಿತವರನ್ನೂ ನೋಡಿದ್ದೇನೆ. ಇದರಿಂದ ನನಗೆ ತಿಳಿದದ್ದು ಇಷ್ಟು. ಮನೆಯಲ್ಲಿ ಕ್ಲಚ್ ರಿಪೇರಿ ಮಾಡುವವರಿಗೆ ಬರುವ ತೊಂದರೆಗಳಲ್ಲಿ ಅರ್ಧ, ಬಿಚ್ಚಬೇಕಾಗಿಲ್ಲದ್ದನ್ನು ಬಿಚ್ಚುವುದರಿಂದ ಬರುತ್ತವೆ. ಉಳಿದರ್ಧ, ಸಿದ್ಧತೆಯಿಲ್ಲದೆ ಬಿಚ್ಚುವುದರಿಂದ ಬರುತ್ತವೆ. ಎರಡನ್ನೂ ತಪ್ಪಿಸಬಹುದು.

ಕ್ಲಚ್ಚಿನ ಕೆಲಸವೇನು?

ಇಂಜಿನ್ ಸದಾ ತಿರುಗುತ್ತಿರುತ್ತದೆ. ಗಾಡಿ ಮಾತ್ರ ನಿಲ್ಲಬೇಕು, ಹೊರಡಬೇಕು, ಗೇರು ಬದಲಿಸಬೇಕು. ಇಂಜಿನ್ನಿನ ಶಕ್ತಿಯನ್ನು ಗೇರಿಗೆ ಸೇರಿಸುವುದೂ ಬೇಕಾದಾಗ ಬಿಡಿಸುವುದೂ ಕ್ಲಚ್ಚಿನ ಕೆಲಸ.

ಮದುವೆ ಮನೆಯಲ್ಲಿ ಊಟದ ಎಲೆಗಳ ಕಟ್ಟನ್ನು ನೋಡಿದ್ದೀರಿ. ಕಟ್ಟನ್ನು ಎರಡು ಕೈಗಳ ನಡುವೆ ಬಿಗಿಯಾಗಿ ಒತ್ತಿ ತಿರುಗಿಸಿದರೆ ಎಲೆಗಳೆಲ್ಲ ಒಂದಾಗಿ ತಿರುಗುತ್ತವೆ. ಕೈ ಸಡಿಲಿಸಿದರೆ ಮೇಲಿನದು ತಿರುಗುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ. ಕ್ಲಚ್ಚಿನ ಒಳಗೂ ಹೀಗೆಯೇ ಒಂದು ಕಟ್ಟು ಉಂಟು. ಅದರಲ್ಲಿ ಒರಟು ಲೇಪವಿರುವ ಪ್ಲೇಟು ಒಂದು, ಉಕ್ಕಿನ ಪ್ಲೇಟು ಒಂದು, ಹೀಗೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಒರಟು ಪ್ಲೇಟುಗಳು ಇಂಜಿನ್ ತಿರುಗಿಸುವ ಹೊರಬಟ್ಟಲಿಗೆ ಕಚ್ಚಿಕೊಂಡಿರುತ್ತವೆ. ಉಕ್ಕಿನ ಪ್ಲೇಟುಗಳು ಗೇರಿನ ಶಾಫ್ಟಿಗೆ ಸೇರಿದ ನಡುಭಾಗಕ್ಕೆ ಕಚ್ಚಿಕೊಂಡಿರುತ್ತವೆ. ಸ್ಪ್ರಿಂಗುಗಳು ಇಡೀ ಕಟ್ಟನ್ನು ಒತ್ತಿ ಹಿಡಿಯುತ್ತವೆ. ಎಡಗೈಯ ಲಿವರ್ ಎಳೆದಾಗ ವೈರು ಸ್ಪ್ರಿಂಗಿನ ಒತ್ತಡವನ್ನು ಸಡಿಲಿಸುತ್ತದೆ, ಕಟ್ಟು ಬಿಡಿಯಾಗುತ್ತದೆ.

ಎಲ್ಲ ಗಾಡಿಗಳ ಕ್ಲಚ್ಚೂ ಒಂದೇ ತೆರನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಅವುಗಳಲ್ಲಿ ಕಾಲಿನಿಂದ ಗೇರಿನ ಲಿವರ್ ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುವ ಏರ್ಪಾಡಿತ್ತು. ಅದೇ ಲಿವರ್ ಕಿಕ್ಕರ್ ಆಗಿಯೂ ಕೆಲಸ ಮಾಡುತ್ತಿತ್ತು. ನಮ್ಮ ರೈತರು ಹೊರೆ ಹೊರಿಸುವ ಟಿ.ವಿ.ಎಸ್. ಎಕ್ಸ್.ಎಲ್. ಗಾಡಿಯಲ್ಲಿ ಕೈ ಕ್ಲಚ್ಚೇ ಇಲ್ಲ. ಇಂಜಿನ್ನಿನ ವೇಗ ಏರಿದಂತೆ ಒಳಗಿನ ಬೂಟುಗಳು ತಾವಾಗಿ ಹೊರಕ್ಕೆ ಸರಿದು ಹಿಡಿಯುತ್ತವೆ. ನಾನು ಇಲ್ಲಿ ಹೇಳುವುದು ಹಳ್ಳಿಗಳಲ್ಲಿ ಹೆಚ್ಚಾಗಿರುವ 100ರಿಂದ 125 ಸಿ.ಸಿ. ಗೇರು ಗಾಡಿಗಳ ವಿಷಯ. ಇವುಗಳ ಕ್ಲಚ್ ಸಾಮಾನ್ಯವಾಗಿ ಇಂಜಿನ್ನಿನ ಬಲಗಡೆ, ಇಂಜಿನ್ ಆಯಿಲ್ಲಿನಲ್ಲೇ ಮುಳುಗಿ ತಿರುಗುತ್ತದೆ.

ರೋಗ ಎರಡು, ಲಕ್ಷಣ ಬೇರೆ ಬೇರೆ

ಬೆಳೆಯ ರೋಗ ಗುರುತಿಸದೆ ಔಷಧಿ ಹೊಡೆಯಬೇಡಿರೆಂದು ನಾವು ಹೇಳುತ್ತೇವೆ. ಗಾಡಿಗೂ ಅದೇ ಮಾತು ಸಲ್ಲುತ್ತದೆ. ಕ್ಲಚ್ಚಿಗೆ ಮುಖ್ಯವಾಗಿ ಎರಡು ರೋಗ.

ಮೊದಲನೆಯದು ಜಾರುವುದು. ಏರಿನಲ್ಲಿ ಇಲ್ಲವೆ ಹೊರೆಯಿದ್ದಾಗ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಕಟ್ಟು ಬಿಗಿಯಾಗಿ ಹಿಡಿಯುತ್ತಿಲ್ಲವೆಂದು ಇದರ ಅರ್ಥ.

ಎರಡನೆಯದು ಪೂರ್ತಿ ಬಿಡದಿರುವುದು. ಲಿವರ್ ಪೂರ್ತಿ ಎಳೆದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಗೇರು ಹಾಕಿದರೆ ಕಟಕಟ ಶಬ್ದ ಬರುತ್ತದೆ. ರಸ್ತೆ ದಾಟುವ ಕಡೆ ಲಾರಿಯ ಮುಂದೆ ಗಾಡಿ ತೆವಳಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಇದನ್ನು ನಾಳೆ ನೋಡೋಣವೆಂದು ಮುಂದೂಡಬಾರದು.

ಹೊರಗಿನಿಂದ ಮೂರು ಪರೀಕ್ಷೆ

ಸ್ಪ್ಯಾನರ್ ಹಿಡಿಯುವ ಮೊದಲು ಈ ಮೂರನ್ನು ನೋಡಿರಿ.

1. ಲಿವರಿನ ಸಡಿಲ. ಲಿವರನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಬಿಗಿ ಸಿಗುವ ಮೊದಲು ಅದರ ತುದಿ ಸುಮಾರು 10ರಿಂದ 20 ಮಿಲಿಮೀಟರ್ ಸುಮ್ಮನೆ ಚಲಿಸಬೇಕು. ಸಡಿಲವೇ ಇಲ್ಲದಿದ್ದರೆ ವೈರು ಸದಾ ಕ್ಲಚ್ಚನ್ನು ಸ್ವಲ್ಪ ಎಳೆದೇ ಇರುತ್ತದೆ. ಆಗ ಕ್ಲಚ್ ಜಾರಿ ಜಾರಿ ಸುಡುತ್ತದೆ. ಸಡಿಲ ಅತಿಯಾದರೆ ಪೂರ್ತಿ ಬಿಡುವುದಿಲ್ಲ. ಲಿವರಿನ ಬಳಿ, ಕೆಳಗೆ ಇಂಜಿನ್ನಿನ ಬಳಿ ಇದನ್ನು ಸರಿಮಾಡುವ ನಟ್ಟುಗಳಿರುತ್ತವೆ. ಐದು ನಿಮಿಷದ ಕೆಲಸ.

2. ವೈರು. ಲಿವರಿನ ಬಳಿ ವೈರಿನ ತುದಿಯನ್ನು ಹೊರಗೆ ತೆಗೆದು ನೋಡಿರಿ. ಎಳೆಗಳು ಒಂದೊಂದಾಗಿ ಹರಿದಿದ್ದರೆ ಉಳಿದ ಎಳೆಗಳು ಹಿಗ್ಗುತ್ತಾ ಹೋಗುತ್ತವೆ. ಎಷ್ಟು ಸರಿಮಾಡಿದರೂ ಎರಡು ದಿನಕ್ಕೆ ಮತ್ತೆ ಅದೇ ಕತೆ. ಹೊರಗಿನ ಕವಚ ಹ್ಯಾಂಡಲ್ ತಿರುಗುವ ಕಡೆ ಮುರಿದಿದೆಯೋ, ಮಳೆನೀರು ಇಳಿದು ಒಳಗೆ ತುಕ್ಕು ಹಿಡಿದಿದೆಯೋ ನೋಡಿರಿ. ವೈರು ಕೆಟ್ಟಿದ್ದರೆ ಹೊಸದು ಹಾಕಿರಿ. ಗಂಟು ಹಾಕಿ ನಡೆಸುವ ಸಾಹಸ ಬೇಡ.

3. ಇಂಜಿನ್ ಆಯಿಲ್. ಕ್ಲಚ್ ಮುಳುಗಿರುವುದು ಅದರಲ್ಲೇ ಆದುದರಿಂದ ಆಯಿಲ್ಲಿನ ಜಾತಿ ಮುಖ್ಯ. ಕಾರಿಗೆ ಮಾಡಿದ ಕೆಲವು ಆಯಿಲ್ಲುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಸೇರಿಸಿರುತ್ತಾರೆ. ಅದು ಕಾರಿಗೆ ಒಳ್ಳೆಯದು, ನಮ್ಮ ಕ್ಲಚ್ಚಿಗೆ ಕೆಟ್ಟದ್ದು. ಗೇರು ಗಾಡಿಗೆ ಕೊಳ್ಳುವಾಗ ಡಬ್ಬಿಯ ಮೇಲೆ 'ಜಾಸೊ ಎಂ.ಎ.' ಎಂಬ ಗುರುತಿದೆಯೇ ನೋಡಿರಿ. 'ಎಂ.ಬಿ.' ಎಂದಿದ್ದರೆ ಅದು ಕೈ ಕ್ಲಚ್ಚಿಲ್ಲದ ಸ್ಕೂಟರ್ ಮುಂತಾದುವಕ್ಕೆ. ಆಯಿಲ್ ಹಳೆಯದಾಗಿ ಮಸಿಯಂತೆ ಮಂದವಾಗಿದ್ದರೆ ಮೊದಲು ಅದನ್ನು ಬದಲಿಸಿರಿ.

ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಎರಡು ಹಸು ಕಟ್ಟಿರುವ ರೈತರೊಬ್ಬರಿದ್ದಾರೆ. ಅವರ ಗಾಡಿಗೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಪ್ಲೇಟು ಹೋಗಿದೆಯೆಂದು ಯಾರೋ ಹೇಳಿದರು. ಒಂದು ಭಾನುವಾರ ಸಂಜೆ ಅಣ್ಣತಮ್ಮಂದಿರು ಕೂಡಿ ಬಲಗಡೆಯ ಮುಚ್ಚಳ ಬಿಚ್ಚಿದರು. ಮುಚ್ಚಳದ ಪ್ಯಾಕಿಂಗ್ ಹರಿಯಿತು. ಹೊಸ ಪ್ಯಾಕಿಂಗ್ ಮನೆಯಲ್ಲಿರಲಿಲ್ಲ. ಮರುದಿನ ಪೇಟೆಯಲ್ಲಿ ಸಿಕ್ಕ ಪ್ಯಾಕಿಂಗ್ ಬೇರೆ ಮಾದರಿಯದು, ಅದು ಕೂರಲಿಲ್ಲ. ಮೂರು ಬೆಳಗು ಅವರ ಹಿರಿಯ ಮಗ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ತುಳಿದ. ಒಂದು ಬೆಳಗು ತೂಕ ಮುಗಿದ ಮೇಲೆ ತಲುಪಿದ್ದರಿಂದ ಹಾಲು ಮನೆಗೆ ಮರಳಿತು. ಕೊನೆಗೆ ಮೇಸ್ತ್ರಿ ಬಂದು ನೋಡಿದಾಗ ಪ್ಲೇಟುಗಳೆಲ್ಲ ಸರಿಯಾಗಿಯೇ ಇದ್ದುವು. ಲಿವರಿನ ರಬ್ಬರಿನ ಕೆಳಗೆ ವೈರಿನ ಅರ್ಧ ಎಳೆಗಳು ಹರಿದಿದ್ದುವು! ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆ ಮನೆಯವರು ಕೆಲಸಗಳ್ಳರಲ್ಲ, ಬುದ್ಧಿಯಿಲ್ಲದವರೂ ಅಲ್ಲ. ಪರೀಕ್ಷೆಯ ಕ್ರಮ ಮಾತ್ರ ಅವರಿಗೆ ತಿಳಿದಿರಲಿಲ್ಲ.

ಬಿಚ್ಚಲೇಬೇಕಾದಾಗ

ಮೂರು ಪರೀಕ್ಷೆಯೂ ಆಗಿ, ಕ್ಲಚ್ ಇನ್ನೂ ಜಾರುತ್ತಿದ್ದರೆ ಒಳಗೆ ನೋಡಬೇಕಾಗುತ್ತದೆ. ಸುಗ್ಗಿಯ ನಡುವೆ, ಸಂತೆಯ ಹಿಂದಿನ ರಾತ್ರಿ, ದೀಪದ ಬೆಳಕಿನಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಬಿಡುವಿನ ದಿನ ಬೆಳಿಗ್ಗೆ ಆರಂಭಿಸಿರಿ. ಹೊಸ ಪ್ಯಾಕಿಂಗ್, ಹೊಸ ಆಯಿಲ್ ಮೊದಲೇ ತಂದಿಟ್ಟುಕೊಳ್ಳಿರಿ. ಅಂಗಡಿಗೆ ಹೋಗುವಾಗ ಗಾಡಿಯ ಮಾದರಿ, ತಯಾರಾದ ವರ್ಷ ಎರಡನ್ನೂ ಬರೆದುಕೊಂಡು ಹೋಗಿರಿ. ಹೆಸರು ಒಂದೇ ಆದರೂ ವರ್ಷ ಬದಲಾದರೆ ಭಾಗವೂ ಬದಲಾಗಿರಬಹುದು.

ಇಂಜಿನ್ ಆರಿರಲಿ, ಗಾಡಿ ಸಮನೆಲದ ಮೇಲೆ ನಡುಸ್ಟ್ಯಾಂಡಿನಲ್ಲಿ ನಿಂತಿರಲಿ. ಹಳೆಯ ಆಯಿಲ್ಲನ್ನು ಡಬ್ಬಿಗೆ ಇಳಿಸಿರಿ. ಅದನ್ನು ಕಾಲುವೆಗೆ, ಬಾವಿಯ ಹತ್ತಿರ, ತೆಂಗಿನ ಪಾತಿಗೆ ಸುರಿಯಬಾರದು. ನೀರೂ ಮಣ್ಣೂ ಕೆಡುತ್ತವೆ. ಪೇಟೆಯ ಗ್ಯಾರೇಜಿನವರು ಕೂಡಿಟ್ಟು ಮಾರುತ್ತಾರೆ, ಅವರಿಗೆ ಕೊಡಿರಿ.

ಇನ್ನು ಮುಂದೆ ಎದುರಾಗುವ ಕಷ್ಟಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಕಷ್ಟ, ಮುಚ್ಚಳದ ಬೋಲ್ಟುಗಳು. ಅವುಗಳ ಉದ್ದ ಒಂದೇ ಅಲ್ಲ. ಉದ್ದದ್ದನ್ನು ಗಿಡ್ಡದ್ದರ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ. ಒಂದು ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಡಿರಿ. ಈ ಒಂದು ರಟ್ಟು ಅರ್ಧ ದಿನದ ಪರದಾಟವನ್ನು ಉಳಿಸುತ್ತದೆ. ಹಳೆಯ ಗಾಡಿಗಳಲ್ಲಿ ಬೋಲ್ಟಿನ ಬದಲು ಸ್ಟಾರ್ ಸ್ಕ್ರೂಗಳಿದ್ದರೆ ಸಾಧಾರಣ ಸ್ಕ್ರೂಡ್ರೈವರಿನಿಂದ ತಲೆ ಸವೆದುಹೋಗುತ್ತದೆ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಡ್ರೈವರ್ ಉಂಟು, ಅದೇ ಬೇಕು.

ಎರಡನೆಯದು, ಅಂಟಿಕೊಂಡ ಮುಚ್ಚಳ. ಬೋಲ್ಟೆಲ್ಲ ತೆಗೆದರೂ ಅದು ಬರುವುದಿಲ್ಲ. ಆಗ ಸಿಟ್ಟು ಬಂದು ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವವರೇ ಹೆಚ್ಚು. ಮೀಟಿದ ಕಡೆ ಬಿದ್ದ ಗಾಯದಿಂದ ಮುಂದೆ ಜನ್ಮವಿಡೀ ಆಯಿಲ್ ಸೋರುತ್ತದೆ. ಕಿಕ್ಕರ್ ತೆಗೆದಿದ್ದೀರೋ, ಕ್ಲಚ್ ವೈರು ಬಿಡಿಸಿದ್ದೀರೋ, ಎಲ್ಲೋ ಒಂದು ಬೋಲ್ಟು ಉಳಿದಿದೆಯೋ ಮತ್ತೊಮ್ಮೆ ನೋಡಿರಿ. ಅನಂತರ ಮರದ ತುಂಡಿನಿಂದ ಸುತ್ತಲೂ ಮೆಲ್ಲಗೆ ತಟ್ಟಿರಿ. ಅದು ತಾನಾಗಿ ಬಿಡುತ್ತದೆ.

ಮೂರನೆಯದು, ಹಳೆಯ ಪ್ಯಾಕಿಂಗ್. ಸುಣ್ಣ ಕಟ್ಟಿದಂತೆ ಅದು ಲೋಹಕ್ಕೆ ಹತ್ತಿರುತ್ತದೆ. ಕೆರೆಯುವುದೇ ಒಂದು ಗಂಟೆಯ ಕೆಲಸ. ಅವಸರಪಟ್ಟು ಉಳಿಯಿಂದ ಕೆರೆದರೆ ಮೆತ್ತನೆಯ ಅಲ್ಯೂಮಿನಿಯಂ ಗೀರಿಕೊಳ್ಳುತ್ತದೆ. ಚೂರುಗಳು ಒಳಗೆ ಬೀಳದಂತೆ ಇಂಜಿನ್ನಿನ ಬಾಯಿಗೆ ಬಟ್ಟೆ ತುಂಬಿರಿ. ಮುಚ್ಚುವ ಮೊದಲು ಆ ಬಟ್ಟೆಯನ್ನು ತೆಗೆಯಲು ಮರೆಯಬೇಡಿರಿ.

ನಾಲ್ಕನೆಯದು, ನಡುವಿನ ನಟ್ಟು. ಕೆಲವು ಮಾದರಿಗಳಲ್ಲಿ ಸ್ಪ್ರಿಂಗುಗಳ ಬೋಲ್ಟು ಬಿಚ್ಚಿದರೆ ಪ್ಲೇಟುಗಳು ಕೈಗೆ ಬರುತ್ತವೆ. ಇನ್ನು ಕೆಲವದರಲ್ಲಿ ನಾಲ್ಕು ಕಚ್ಚುಗಳಿರುವ ದುಂಡು ನಟ್ಟನ್ನು ತೆಗೆಯದೆ ಪ್ಲೇಟು ಬರುವುದಿಲ್ಲ. ಅದಕ್ಕೆ ತಕ್ಕ ವಿಶೇಷ ಸಾಕೆಟ್ ಬೇಕು. ಉಳಿ, ಸುತ್ತಿಗೆ ಹಿಡಿದು ಈ ನಟ್ಟನ್ನು ಹೊಡೆಯುವುದು ಹಳ್ಳಿಗಳಲ್ಲಿ ರೂಢಿಯಾಗಿಬಿಟ್ಟಿದೆ. ನಟ್ಟಿನ ಕಚ್ಚು ಹಾಳಾಗುತ್ತದೆ, ಏಟು ಶಾಫ್ಟಿಗೂ ಬೇರಿಂಗಿಗೂ ತಾಗುತ್ತದೆ. ಮನೆಯಲ್ಲಿ ಮಾಡುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ. ಸಾಕೆಟ್ ಇಲ್ಲದಿದ್ದರೆ ಇಲ್ಲಿಗೆ ಕೈ ಬಿಡಿರಿ.

ಐದನೆಯದು, ಜೋಡಣೆಯ ಕ್ರಮ. ಪ್ಲೇಟು, ವಾಷರು, ಸ್ಪ್ರಿಂಗು ಯಾವುದರ ಮೇಲೆ ಯಾವುದು, ಯಾವ ಮುಖ ಹೊರಗೆ ಎಂಬುದು ಬಿಚ್ಚುವಾಗ ಸುಲಭವಾಗಿ ತೋರುತ್ತದೆ, ಜೋಡಿಸುವಾಗ ಮರೆಯುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿರಿ. ತೆಗೆದ ಭಾಗಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಿರಿ. ಕೋಳಿ, ಮಕ್ಕಳು ಆ ಸಾಲಿನ ಹತ್ತಿರ ಸುಳಿಯದಿರಲಿ.

ಪ್ಲೇಟು ನೋಡುವ ಬಗೆ

ಒರಟು ಪ್ಲೇಟು ಸವೆದಿದೆಯೋ ಇಲ್ಲವೋ ಕಣ್ಣಳತೆಗೆ ಗೊತ್ತಾಗುವುದಿಲ್ಲ. ಹೊಸ ಪ್ಲೇಟಿಗೂ ಸವೆದು ಹೋದ ಪ್ಲೇಟಿಗೂ ಇರುವ ಅಂತರ ಒಂದು ಮಿಲಿಮೀಟರಿನ ಹತ್ತರಲ್ಲಿ ಕೆಲವು ಭಾಗ ಮಾತ್ರ. ವರ್ನಿಯರ್ ಮಾಪಕದಿಂದ ಅಳೆದು, ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯೊಡನೆ ಹೋಲಿಸಬೇಕು. 'ಇನ್ನೂ ದಪ್ಪವಾಗಿದೆ' ಎಂದು ಹಳೆಯದನ್ನೇ ಹಾಕಿ ಮುಚ್ಚಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಉಕ್ಕಿನ ಪ್ಲೇಟನ್ನು ಸಮನಾದ ಗಾಜಿನ ಮೇಲಿಟ್ಟು ಒತ್ತಿ ನೋಡಿರಿ. ಅಲುಗಿದರೆ ಸೊಟ್ಟಗಾಗಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಕಾದು ಸುಟ್ಟಿದೆ. ಹೊರಬಟ್ಟಲಿನ ಕಚ್ಚುಗಳಲ್ಲಿ ಪ್ಲೇಟಿನ ಹಲ್ಲು ಕೂತು ಕೂತು ತಗ್ಗುಗಳಾಗಿದ್ದರೆ ಪ್ಲೇಟು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಲಚ್ ಪೂರ್ತಿ ಬಿಡದಿರಲು ಅದೂ ಒಂದು ಕಾರಣ. ಸ್ಪ್ರಿಂಗು ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿರಿ. ಒಂದು ಹೊಸತು, ಮೂರು ಹಳತು ಆದರೆ ಒತ್ತಡ ಸಮನಾಗುವುದಿಲ್ಲ. ಒಂದು ಹೋರಿ, ಒಂದು ಮುದಿ ಎತ್ತು ಕಟ್ಟಿ ಉತ್ತಂತೆ ಆಗುತ್ತದೆ.

ಹೊಸ ಪ್ಲೇಟುಗಳನ್ನು ಒಣಗಿದಂತೆಯೇ ಹಾಕಬಾರದು. ಹಿಂದಿನ ರಾತ್ರಿಯೇ ಹೊಸ ಇಂಜಿನ್ ಆಯಿಲ್ಲಿನಲ್ಲಿ ನೆನೆಹಾಕಿಡಿರಿ. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಇವು ಸಣ್ಣ ಬೋಲ್ಟುಗಳು. ಪಂಪಿನ ಪೈಪು ಬಿಗಿಯುವ ತೋಳಿನ ಬಲ ಇಲ್ಲಿ ಸಲ್ಲದು. ಮಣಿಕಟ್ಟಿನ ಬಲ ಸಾಕು. ಕಿಕ್ಕರ್ ಶಾಫ್ಟಿನ ಹಲ್ಲು ಮುಚ್ಚಳದ ಸೀಲನ್ನು ಕೊಯ್ಯದಂತೆ ಸ್ವಲ್ಪ ಗ್ರೀಸ್ ಸವರಿ ಮುಚ್ಚಳ ಕೂರಿಸಿರಿ. ಕೈಪಿಡಿಯಲ್ಲಿ ಹೇಳಿದಷ್ಟು ಆಯಿಲ್ ಹಾಕಿದ ಮೇಲೆಯೇ ಕಿಕ್ಕರ್ ಒದೆಯಬೇಕು. ಲಿವರಿನ ಸಡಿಲವನ್ನು ಹೊಸದಾಗಿ ಸರಿಮಾಡಿ, ಹೊರೆಯಿಲ್ಲದೆ ಊರೊಳಗೆ ಒಂದು ಸುತ್ತು ಓಡಿಸಿ ನೋಡಿರಿ. ಹಾಲಿನ ಕ್ಯಾನು ಅನಂತರ.

ಎಲ್ಲಿ ನಿಲ್ಲಿಸಬೇಕು?

ಬೋಲ್ಟು ಒಳಗೇ ಮುರಿದರೆ, ನಡುವಿನ ನಟ್ಟು ಬಾರದಿದ್ದರೆ, ಹೊರಬಟ್ಟಲು ಸವೆದಿದ್ದರೆ, ಜೋಡಿಸಿದ ಮೇಲೆ ಒಂದು ವಾಷರು ಉಳಿದುಬಿಟ್ಟರೆ ಅಲ್ಲಿಗೆ ನಿಲ್ಲಿಸಿರಿ. ಬಿಡಿಭಾಗಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮೇಸ್ತ್ರಿಯನ್ನು ಕಾಣಿರಿ. ಇದರಲ್ಲಿ ಅವಮಾನವೇನೂ ಇಲ್ಲ. ಹಸು ಕರು ಹಾಕುವಾಗ ಕರು ಅಡ್ಡ ಬಂದಿದ್ದರೆ ನಾವು ಪಶುವೈದ್ಯರನ್ನು ಕರೆಯುವುದಿಲ್ಲವೇ? ಉಳಿದ ದಿನಗಳಲ್ಲಿ ಹಸುವನ್ನು ನೋಡಿಕೊಳ್ಳುವವರು ನಾವೇ. ಗಾಡಿಯ ವಿಷಯದಲ್ಲೂ ದಿನದ ಆರೈಕೆ ನಮ್ಮದು, ಕಠಿಣ ಚಿಕಿತ್ಸೆ ತಿಳಿದವರದು. ಈ ಗೆರೆ ಎಲ್ಲಿದೆಯೆಂದು ತಿಳಿದವನೇ ಜಾಣ.

ಬಿಚ್ಚುವ ಪ್ರಸಂಗವೇ ಬಾರದಂತೆ

ಕ್ಲಚ್ಚನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ನಮ್ಮ ಅಭ್ಯಾಸ. ಲಿವರಿನ ಮೇಲೆ ಬೆರಳಿಟ್ಟುಕೊಂಡೇ ಓಡಿಸುವುದು, ಮೇವಿನ ಹೊರೆ ಹೇರಿ ಕೆಸರು ಬದುವಿನಲ್ಲಿ ಅರ್ಧ ಕ್ಲಚ್ ಹಿಡಿದು ಇಂಜಿನ್ ಕೂಗಿಸುವುದು, ಏರಿನಲ್ಲಿ ಎರಡನೆಯ ಗೇರಿನಿಂದಲೇ ಹೊರಡುವುದು, ಇವು ಪ್ಲೇಟನ್ನು ಸುಡುತ್ತವೆ. ಹೊರಡುವಾಗ ಒಂದನೆಯ ಗೇರೇ ಆಗಬೇಕು. ಏರಿನಲ್ಲಿ ಗಾಡಿ ಸೋತರೆ ಕ್ಲಚ್ ಹಿಡಿದು ಎಳೆಸದೆ ಗೇರು ಇಳಿಸಿರಿ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕಿನಲ್ಲಿ ನಿಲ್ಲಿಸಿರಿ, ಕ್ಲಚ್ಚಿನಲ್ಲಿ ಅಲ್ಲ. ಒಂದೇ ಸಾರಿಗೆ ಹೇರುವ ಹೊರೆಯನ್ನು ಎರಡು ಸಾರಿ ಮಾಡಿದರೆ ಖರ್ಚಾಗುವುದು ತುಸು ಪೆಟ್ರೋಲು, ಉಳಿಯುವುದು ಕ್ಲಚ್. ಹದಿನೈದು ದಿನಕ್ಕೊಮ್ಮೆ ಲಿವರಿನ ಸಡಿಲ ನೋಡಿರಿ. ವೈರಿಗೆ ಎರಡು ಹನಿ ಎಣ್ಣೆ ಬಿಡಿರಿ.

ಕೊನೆಗೆ ಯುವಕ ಮಿತ್ರರಿಗೆ ಒಂದು ಸೂಚನೆ. ನಾಲ್ಕು ಕಚ್ಚಿನ ಸಾಕೆಟ್, ವರ್ನಿಯರ್ ಮಾಪಕ, ಒಳ್ಳೆಯ ಸಾಕೆಟ್ ಸ್ಪ್ಯಾನರುಗಳ ಪೆಟ್ಟಿಗೆ, ಇವನ್ನು ಪ್ರತಿಯೊಂದು ಮನೆಯೂ ಕೊಳ್ಳಬೇಕಾಗಿಲ್ಲ. ಊರಿನ ಯುವಕ ಸಂಘದವರು ಚಂದಾ ಕೂಡಿಸಿ ಒಂದು ಜೊತೆ ಕೊಂಡು, ಒಂದು ಪುಸ್ತಕದಲ್ಲಿ ಬರೆದು ಕೊಟ್ಟು ಪಡೆದರೆ ಊರಿಗೆಲ್ಲ ಸಾಕು. ಪೇಟೆಯ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಒಂದು ದಿನದ ಮಟ್ಟಿಗೆ ಕರೆಸಿ, ಅವರ ಶ್ರಮಕ್ಕೆ ತಕ್ಕುದನ್ನು ಕೊಟ್ಟು, ಪಂಚಾಯಿತಿ ಕಟ್ಟೆಯ ಮೇಲೆ ಒಂದು ಕ್ಲಚ್ ಬಿಚ್ಚಿ ತೋರಿಸುವಂತೆ ಕೇಳಿರಿ. ನೂರು ಮಾತು ಕೇಳುವುದಕ್ಕಿಂತ ಒಂದು ಸಾರಿ ಕಣ್ಣಾರೆ ನೋಡುವುದು ಮೇಲು. ಬತ್ತದ ನಾಟಿಯನ್ನೂ ಕಸಿ ಕಟ್ಟುವುದನ್ನೂ ನಾವು ಕಲಿತದ್ದು ಹಾಗೆಯೇ.

ಮೊದಲು ಲಿವರ್, ಆಮೇಲೆ ವೈರು, ಆಮೇಲೆ ಆಯಿಲ್, ಎಲ್ಲಕ್ಕೂ ಕೊನೆಗೆ ಮುಚ್ಚಳ. ಈ ನಾಲ್ಕು ಮಾತು ನೆನಪಿದ್ದರೆ ಸಾಕು.